ಒಬ್ಬರೇ ಓದಿ, ಕೂಡಿ ಕೇಳಿಕೊಳ್ಳಿ

ದ್ವಿತೀಯ ಪಿಯುಸಿ ವಿಜ್ಞಾನ ಓದುವ ಮಕ್ಕಳಿರುವ ಮನೆಗಳಲ್ಲಿ ವಾರ್ಷಿಕ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಒಂದು ಚರ್ಚೆ ಏಳುತ್ತದೆ. ಕೆಮಿಸ್ಟ್ರಿಗೆ ಕಂಬೈನ್ಡ್ ಸ್ಟಡಿ ಮಾಡುತ್ತೇವೆ, ಗೆಳತಿಯ ಮನೆಗೆ ಹೋಗಿಬರುತ್ತೇನೆ ಎಂದು ಮಗಳು ಕೇಳುತ್ತಾಳೆ. ಓದುವುದಕ್ಕೆ ನಮ್ಮ ಮನೆಯಲ್ಲೇನು ಕೊರತೆ, ನಾಲ್ಕು ಜನ ಸೇರಿದ ಕಡೆ ಓದಿಗಿಂತ ಹರಟೆಯೇ ಹೆಚ್ಚು ಎಂದು ಹೆತ್ತವರು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಹರಟೆಯಲ್ಲಿ ಸಂಜೆ ಕಳೆದುಹೋದ ಗುಂಪುಗಳೂ ಇವೆ, ಕೂಡಿ ಓದಿದ್ದರಿಂದಲೇ ಕಷ್ಟದ ವಿಷಯವನ್ನು ದಾಟಿದ ಮಕ್ಕಳೂ ಇದ್ದಾರೆ. ಹಾಗಾದರೆ ಕೂಡಿ ಓದುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ ಪ್ರಯೋಜನವಿಲ್ಲ. ಕೂಡಿದಾಗ ಏನು ಮಾಡಬೇಕು, ಕೂಡುವ ಮೊದಲು ಏನು ಮುಗಿದಿರಬೇಕು ಎಂದು ಕೇಳಬೇಕು. ಓದುವ ಕೆಲಸವನ್ನು ಪ್ರತಿಯೊಬ್ಬರೂ ಒಬ್ಬೊಬ್ಬರೇ ಮಾಡಿ ಮುಗಿಸಬೇಕು. ಕೂಡಿದಾಗ ಪುಸ್ತಕ ಮುಚ್ಚಿ ಒಬ್ಬರನ್ನೊಬ್ಬರು ಪ್ರಶ್ನಿಸಬೇಕು, ವಿವರಿಸಬೇಕು, ತಿದ್ದಬೇಕು. ಹೀಗೆ ಮಾಡಿದರೆ ಕಂಬೈನ್ಡ್ ಸ್ಟಡಿಗೆ ಸಮನಾದ ಪುನರಾವರ್ತನೆ ಇನ್ನೊಂದಿಲ್ಲ. ರಸಾಯನಶಾಸ್ತ್ರಕ್ಕಂತೂ ಇದು ಬೇಕೇ ಬೇಕು. ಇದು ನನ್ನ ವಾದ. ಇದಕ್ಕೆ ಆಧಾರಗಳೇನು, ಇದರ ವಿರುದ್ಧ ಬರುವ ಆಕ್ಷೇಪಗಳೇನು ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂಟಿಯಾಗಿ ಕೂತು ಪುನರಾವರ್ತನೆ ಮಾಡುವ ನಮ್ಮ ರೂಢಿಯನ್ನೇ ಗಮನಿಸೋಣ. ನೋಟ್ಸ್ ತೆರೆಯುವುದು, ಹಳದಿ ಬಣ್ಣದ ಹೈಲೈಟರ್‌ನಲ್ಲಿ ಗೆರೆ ಎಳೆಯುವುದು, ಮುಗಿದ ಮೇಲೆ ಮತ್ತೆ ಮೊದಲಿಂದ ಓದುವುದು. ಮೂರನೆಯ ಸಲ ಓದುವಾಗ ಎಲ್ಲವೂ ಪರಿಚಿತ ಅನ್ನಿಸುತ್ತದೆ, ಬರುತ್ತದೆ ಎಂಬ ಧೈರ್ಯ ಹುಟ್ಟುತ್ತದೆ. ಈ ಧೈರ್ಯ ಎಷ್ಟು ನಂಬಲರ್ಹ? ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ವಿಜ್ಞಾನದ ಒಂದು ಸಣ್ಣ ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯಲ್ಲೂ ಅದನ್ನು ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಪಾಠ ನೋಡದೆ ನೆನಪಾದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಬರೀ ಓದಿದವರದ್ದೇ ಮೇಲುಗೈ: ಅವರಿಗೆ ಪಾಠದ ಶೇ. 83ರಷ್ಟು ನೆನಪಿತ್ತು, ಬರೆದವರಿಗೆ ಶೇ. 71. ಆದರೆ ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿಬಿತ್ತು. ಓದಿದವರಲ್ಲಿ ಶೇ. 40 ಮಾತ್ರ ಉಳಿದಿತ್ತು, ನೆನಪಿಸಿಕೊಂಡು ಬರೆದವರಲ್ಲಿ ಶೇ. 61 ಉಳಿದಿತ್ತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ತಮಗೆ ಮುಂದೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಬರೀ ಓದಿದವರಲ್ಲೇ ಹೆಚ್ಚಾಗಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಬರುತ್ತದೆ ಅನ್ನಿಸಿ, ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಏನೂ ಹೊಳೆಯದೆ ಕೂರುವ ಮಕ್ಕಳ ಕಷ್ಟದ ಮೂಲ ಇಲ್ಲಿದೆ. ಅವರು ಸೋಮಾರಿಗಳಲ್ಲ, ದಡ್ಡರೂ ಅಲ್ಲ. ಕಣ್ಣಿಗೆ ಪರಿಚಿತವಾದದ್ದನ್ನು ಕೈಗೂ ಬಂದದ್ದೆಂದು ತಿಳಿದರು, ಅಷ್ಟೆ. 2013ರಲ್ಲಿ ಜಾನ್ ಡನ್‌ಲಾಸ್ಕಿ ಮತ್ತು ಅವರ ಸಹೋದ್ಯೋಗಿಗಳು ಓದಿನ ಹತ್ತು ವಿಧಾನಗಳ ಬಗ್ಗೆ ಅದುವರೆಗೆ ನಡೆದಿದ್ದ ಸಂಶೋಧನೆಗಳನ್ನೆಲ್ಲ ತೂಗಿ ನೋಡಿದರು. ಗೆರೆ ಎಳೆಯುವುದಕ್ಕೂ ಮತ್ತೆ ಮತ್ತೆ ಓದುವುದಕ್ಕೂ ಕೆಳಗಿನ ಸ್ಥಾನ ಸಿಕ್ಕಿತು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ಹಲವು ದಿನಗಳಿಗೆ ಹಂಚಿಕೊಳ್ಳುವುದು, ಈ ಎರಡಕ್ಕೇ ಮೇಲಿನ ಸ್ಥಾನ.

ಹಾಗಿದ್ದರೆ ಒಬ್ಬರೇ ಕೂತು ತಮ್ಮನ್ನು ಪರೀಕ್ಷಿಸಿಕೊಳ್ಳಬಹುದಲ್ಲ, ಗೆಳೆಯರು ಯಾಕೆ ಎಂದು ಕೇಳಬಹುದು. ಖಂಡಿತ ಮಾಡಬಹುದು, ಮಾಡಲೂಬೇಕು. ಆದರೆ ತನ್ನ ಪ್ರಶ್ನೆಯನ್ನು ತಾನೇ ಹಾಕಿಕೊಳ್ಳುವವನಿಗೆ ಒಂದು ಮಿತಿಯುಂಟು. ತನಗೆ ಗೊತ್ತಿಲ್ಲ ಎಂಬುದೇ ಗೊತ್ತಿಲ್ಲದ ಜಾಗದಲ್ಲಿ ಅವನಿಗೆ ಪ್ರಶ್ನೆ ಹುಟ್ಟುವುದಿಲ್ಲ. ತಾನು ಬರೆದ ಉತ್ತರವನ್ನು ತಾನೇ ತಿದ್ದುವಾಗ, ಬಿಟ್ಟುಹೋದ ಹೆಜ್ಜೆಯನ್ನು ಮನಸ್ಸು ತಾನಾಗಿ ತುಂಬಿಕೊಂಡು ಮುಂದೆ ಹೋಗುತ್ತದೆ. ಎದುರಿಗೆ ಕೂತ ಗೆಳತಿಗೆ ಆ ದಾಕ್ಷಿಣ್ಯವಿಲ್ಲ. ಇದು ಹೇಗೆ ಬಂತು, ಇಲ್ಲಿ ಈ ಚಿಹ್ನೆ ಯಾಕೆ ಬದಲಾಯಿತು ಎಂದು ಅವಳು ಕೇಳಿಯೇ ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ನಿಜವಾದ ಓದು.

ರಸಾಯನಶಾಸ್ತ್ರದಲ್ಲಿ ಇದು ಯಾಕೆ ಹೆಚ್ಚು ಮುಖ್ಯ ಎಂಬುದಕ್ಕೆ ಆ ವಿಷಯದ ಸ್ವಭಾವದಲ್ಲೇ ಕಾರಣವಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಕಲಿಕೆಯ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಅಲೆಕ್ಸ್ ಜಾನ್‌ಸ್ಟೋನ್ 1991ರ ತಮ್ಮ ಹೆಸರಾಂತ ಲೇಖನದಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ರಸಾಯನಶಾಸ್ತ್ರ ಏಕಕಾಲಕ್ಕೆ ಮೂರು ನೆಲೆಗಳಲ್ಲಿ ನಡೆಯುತ್ತದೆ: ಕಣ್ಣಿಗೆ ಕಾಣುವ ನೆಲೆ, ಕಣ್ಣಿಗೆ ಕಾಣದ ಅಣು ಪರಮಾಣುಗಳ ನೆಲೆ, ಕಾಗದದ ಮೇಲೆ ಬರೆಯುವ ಸಂಕೇತಗಳ ನೆಲೆ. ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಸತುವಿನ ಪಟ್ಟಿಯೊಂದನ್ನು ಇಳಿಬಿಟ್ಟರೆ ನೀಲಿ ಬಣ್ಣ ಮೆಲ್ಲಗೆ ಮಾಸುತ್ತದೆ, ಪಟ್ಟಿಯ ಮೇಲೆ ಕೆಂಪು-ಕಂದು ಪದರ ಕೂರುತ್ತದೆ. ಇದು ಕಾಣುವ ನೆಲೆ. ಒಳಗೆ ಸತುವಿನ ಪ್ರತಿ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ದ್ರಾವಣಕ್ಕಿಳಿಯುತ್ತದೆ, ತಾಮ್ರದ ಅಯಾನು ಆ ಎರಡನ್ನು ಪಡೆದು ಲೋಹವಾಗಿ ಹೊರಬರುತ್ತದೆ. ಇದು ಕಾಣದ ನೆಲೆ. ಒಂದೇ ಸಾಲಿನಲ್ಲಿ ಬರೆಯುವ ಸಮೀಕರಣ ಮೂರನೆಯ ನೆಲೆ. ಚೆನ್ನಾಗಿ ಬಲ್ಲ ಅಧ್ಯಾಪಕರು ಈ ಮೂರರ ನಡುವೆ ಸಲೀಸಾಗಿ ಓಡಾಡುತ್ತಾರೆ, ಓಡಾಡುತ್ತಿದ್ದೇನೆ ಎಂಬ ಅರಿವೂ ಅವರಿಗಿರುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಈ ಮೂರೂ ಒಟ್ಟಿಗೆ ಎದುರಾದಾಗ ಹೊರೆ ತಡೆಯುವುದಿಲ್ಲ. ಆಗ ಅವರು ಪರೀಕ್ಷೆಯಲ್ಲಿ ಅಂಕ ತರುವ ಮೂರನೆಯದನ್ನು ಮಾತ್ರ ಹಿಡಿದುಕೊಂಡು ಉರು ಹೊಡೆಯುತ್ತಾರೆ. ಸಮೀಕರಣವನ್ನು ಬಾಯಿಪಾಠ ಮಾಡಿಯೂ ರಸಾಯನಶಾಸ್ತ್ರ ತಿಳಿಯದೆ ಇರಬಹುದು. ಆದರೆ ಆ ಸಮೀಕರಣ ಏನು ಹೇಳುತ್ತಿದೆ ಎಂದು ಇನ್ನೊಬ್ಬರಿಗೆ ಮಾತಿನಲ್ಲಿ ವಿವರಿಸಬೇಕಾದಾಗ ಮೂರು ನೆಲೆಗಳನ್ನೂ ಮುಟ್ಟದೆ ಬೇರೆ ದಾರಿಯಿಲ್ಲ.

ಇದೇ ಸತು ಮತ್ತು ತಾಮ್ರವನ್ನು ಡೇನಿಯಲ್ ಕೋಶದಲ್ಲಿ ನೋಡೋಣ. ಸತುವಿನ ಪ್ರಮಾಣ ವಿಭವ ಮೈನಸ್ 0.76 ವೋಲ್ಟ್, ತಾಮ್ರದ್ದು ಪ್ಲಸ್ 0.34 ವೋಲ್ಟ್, ಕೋಶದ ವಿಭವ 1.10 ವೋಲ್ಟ್. ಇಷ್ಟನ್ನು ಯಾವ ವಿದ್ಯಾರ್ಥಿಯೂ ಹೇಳುತ್ತಾನೆ. ಸತು ಆನೋಡ್, ಅದು ಋಣ ಧ್ರುವ ಎಂದೂ ಹೇಳುತ್ತಾನೆ. ಆಗ ಪಕ್ಕದವನು ಕೇಳುತ್ತಾನೆ: ವಿದ್ಯುದ್ವಿಭಜನೆಯ ಪಾಠದಲ್ಲಿ ಆನೋಡ್ ಎಂದರೆ ಧನ ಧ್ರುವ ಎಂದು ಓದಿದ್ದೆವಲ್ಲ, ಇಲ್ಲಿ ಹೇಗೆ ಋಣವಾಯಿತು? ಒಬ್ಬನೇ ಓದುವಾಗ ಈ ಎರಡು ಸಾಲುಗಳು ಎರಡು ಬೇರೆ ಪುಟಗಳಲ್ಲಿ ಜಗಳವಿಲ್ಲದೆ ಕೂತಿರುತ್ತವೆ. ಕೇಳಿದಾಗ ಮಾತ್ರ ಅವು ಎದುರುಬದುರಾಗುತ್ತವೆ. ಮೂರನೆಯವನು ಇನ್ನೂ ಮುಂದೆ ಹೋಗಿ, ಡೇನಿಯಲ್ ಕೋಶಕ್ಕೆ ಹೊರಗಿನಿಂದ 1.10 ವೋಲ್ಟ್‌ಗಿಂತ ಹೆಚ್ಚಿನ ವಿಭವವನ್ನು ಎದುರಾಗಿ ಕೊಟ್ಟರೆ ಏನಾಗುತ್ತದೆ ಎಂದು ಕೇಳಿದ ಎನ್ನೋಣ. ಪ್ರವಾಹ ಹಿಂದಕ್ಕೆ ತಿರುಗುತ್ತದೆ, ಈಗ ತಾಮ್ರ ಕರಗುತ್ತದೆ, ಸತುವಿನ ಮೇಲೆ ಸತು ಕೂರುತ್ತದೆ. ಉತ್ಕರ್ಷಣ ನಡೆಯುವ ಧ್ರುವವೇ ಆನೋಡ್ ಆದ್ದರಿಂದ ಈಗ ತಾಮ್ರ ಆನೋಡ್. ಆದರೆ ತಾಮ್ರ ಮೊದಲೂ ಧನ ಧ್ರುವವಾಗಿತ್ತು, ಈಗಲೂ ಧನ ಧ್ರುವವೇ. ಧ್ರುವಗಳ ಚಿಹ್ನೆ ಬದಲಾಗಲಿಲ್ಲ, ಅಲ್ಲಿ ನಡೆಯುವ ಕೆಲಸ ಬದಲಾಯಿತು. ಈ ತೀರ್ಮಾನಕ್ಕೆ ಮೂವರೂ ತಾವೇ ತರ್ಕಿಸಿ ಬಂದರೆ, ಗಾಲ್ವನಿಕ್ ಕೋಶ ಮತ್ತು ವಿದ್ಯುದ್ವಿಭಜನಾ ಕೋಶದ ವ್ಯತ್ಯಾಸವನ್ನು ಮತ್ತೆ ಕಂಠಪಾಠ ಮಾಡಬೇಕಾಗಿಲ್ಲ.

ಇನ್ನೊಂದು ಪ್ರಶ್ನೆ ದ್ರಾವಣಗಳ ಅಧ್ಯಾಯದ್ದು. ಗ್ಲೂಕೋಸ್, ಸೋಡಿಯಂ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್‌ನ 0.1 ಮೋಲಾಲ್ ಜಲದ್ರಾವಣಗಳಿವೆ. ಇವುಗಳಲ್ಲಿ ಯಾವುದರ ಹೆಪ್ಪುಗಟ್ಟುವ ಬಿಂದು ಎಲ್ಲಕ್ಕಿಂತ ಹೆಚ್ಚು? ಸೂತ್ರ ಬಲ್ಲ ಮಕ್ಕಳು ಲೆಕ್ಕವನ್ನು ಸರಿಯಾಗಿಯೇ ಮಾಡುತ್ತಾರೆ. ಹೆಪ್ಪುಗಟ್ಟುವ ಬಿಂದುವಿನ ಇಳಿಕೆಗೆ ನೀರಿನ ಸ್ಥಿರಾಂಕ 1.86, ಗ್ಲೂಕೋಸ್ ಒಡೆಯುವುದಿಲ್ಲ, ಹಾಗಾಗಿ ಇಳಿಕೆ 0.186 ಡಿಗ್ರಿ. ಸೋಡಿಯಂ ಕ್ಲೋರೈಡ್ ಪೂರ್ತಿಯಾಗಿ ಎರಡು ಅಯಾನುಗಳಾಗುತ್ತದೆ ಎಂದುಕೊಂಡರೆ 0.372, ಕ್ಯಾಲ್ಸಿಯಂ ಕ್ಲೋರೈಡ್ ಮೂರಾಗುತ್ತದೆ ಎಂದುಕೊಂಡರೆ 0.558. ಇಲ್ಲಿಗೆ ಬಂದ ಮೇಲೆ, ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಕ್ಯಾಲ್ಸಿಯಂ ಕ್ಲೋರೈಡ್‌ನದು ಎಂದು ಅದನ್ನೇ ಉತ್ತರವಾಗಿ ಬರೆದುಬಿಡುವುದು ಬಹಳ ಸುಲಭ. ಆ ಸಂಖ್ಯೆ ಹೇಳುತ್ತಿರುವುದು ಎಷ್ಟು ಕೆಳಗಿಳಿಯಿತು ಎಂಬುದನ್ನು. ಹೆಚ್ಚು ಇಳಿದದ್ದರ ಬಿಂದು ಎಲ್ಲಕ್ಕಿಂತ ಕಡಿಮೆ, ಸರಿಯುತ್ತರ ಗ್ಲೂಕೋಸ್. ಲೆಕ್ಕ ಪೂರ್ತಿ ಸರಿ, ಉತ್ತರ ತಪ್ಪು. ಇಂಥ ತಪ್ಪು ಎಷ್ಟು ಸಲ ನೋಟ್ಸ್ ಓದಿದರೂ ಹೊರಗೆ ಬರುವುದಿಲ್ಲ. ಮೂವರು ತಮ್ಮ ತಮ್ಮ ಉತ್ತರ ಹೇಳಿ, ಉತ್ತರಗಳು ಬೇರೆಬೇರೆಯಾಗಿವೆ ಎಂದು ಗೊತ್ತಾದ ಕ್ಷಣದಲ್ಲೇ ಹೊರಗೆ ಬರುತ್ತದೆ.

ಪ್ರಾಯೋಗಿಕ ಪರೀಕ್ಷೆಗೂ ಇದೇ ಮಾತು. ನಮ್ಮ ಪಿಯುಸಿ ಕೆಮಿಸ್ಟ್ರಿಯ 100 ಅಂಕಗಳಲ್ಲಿ 70 ಲಿಖಿತ ಪರೀಕ್ಷೆಯದಾದರೆ 30 ಪ್ರಾಯೋಗಿಕದ್ದು. ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಟೈಟ್ರೇಷನ್ ಎಲ್ಲರೂ ಮಾಡಿರುತ್ತಾರೆ. ಆಕ್ಸಾಲಿಕ್ ಆಮ್ಲವಾದರೆ ಕೋನಿಕಲ್ ಫ್ಲಾಸ್ಕನ್ನು ಬಿಸಿ ಮಾಡಬೇಕು, ಮೋರ್ಸ್ ಸಾಲ್ಟ್ ಆದರೆ ಬೇಡ, ಯಾಕೆ? ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಬಾರದು, ಯಾಕೆ? ಆಕ್ಸಾಲಿಕ್ ಆಮ್ಲದೊಂದಿಗೆ ಕ್ರಿಯೆ ತಣ್ಣಗಿನ ದ್ರಾವಣದಲ್ಲಿ ಬಹಳ ನಿಧಾನ, ಪರ್ಮ್ಯಾಂಗನೇಟ್ ಕ್ಲೋರೈಡನ್ನೂ ಉತ್ಕರ್ಷಿಸಿ ಕ್ಲೋರಿನ್ ಮಾಡುವುದರಿಂದ ಅಳತೆ ತಪ್ಪುತ್ತದೆ. ವೈವಾದಲ್ಲಿ ಪರೀಕ್ಷಕರ ಎದುರು ನಿಂತು ಬಾಯಲ್ಲೇ ಹೇಳಬೇಕಾದ ಉತ್ತರಗಳಿವು. ಬಾಯಲ್ಲಿ ಹೇಳಬೇಕಾದದ್ದನ್ನು ಬಾಯಲ್ಲೇ ಅಭ್ಯಾಸ ಮಾಡಬೇಕು, ಅದಕ್ಕೆ ಕೇಳುವ ಕಿವಿಯೊಂದು ಬೇಕು.

ಕೂಡಿ ಓದುವ ಕ್ರಮ ಇಡೀ ಒಂದು ವಿದ್ಯಾರ್ಥಿ ಸಮುದಾಯದ ಫಲಿತಾಂಶವನ್ನೇ ಬದಲಿಸಿದ ಉದಾಹರಣೆಯೂ ಇದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಯುವ ಗಣಿತಜ್ಞರು ಒಂದು ಪ್ರಶ್ನೆ ಎತ್ತಿಕೊಂಡರು. ಶಾಲೆಯಲ್ಲಿ ಚೆನ್ನಾಗಿ ಓದಿ ಬಂದ ಕರಿಯ ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಯಾಕೆ ಹಿಂದೆ ಬೀಳುತ್ತಿದ್ದಾರೆ, ಅದೇ ತರಗತಿಯ ಚೀನೀ ಮೂಲದ ವಿದ್ಯಾರ್ಥಿಗಳು ಯಾಕೆ ಮುಂದಿದ್ದಾರೆ? ಆಸಕ್ತಿ ಕಡಿಮೆ, ಮನೆಯ ಪ್ರೋತ್ಸಾಹ ಕಡಿಮೆ, ಹಿಂದಿನ ಓದು ಸಾಲದು ಎಂದೆಲ್ಲ ಅಧ್ಯಾಪಕರು ಊಹಿಸಿದ್ದರು. ಟ್ರೈಸ್‌ಮನ್ ವಿದ್ಯಾರ್ಥಿಗಳ ಜೊತೆಗೇ ಇದ್ದು ಅವರು ಓದುವ ರೀತಿಯನ್ನು ಗಮನಿಸಿದಾಗ ಈ ಊಹೆಗಳು ನಿಲ್ಲಲಿಲ್ಲ. ಕರಿಯ ವಿದ್ಯಾರ್ಥಿಗಳು ಶ್ರದ್ಧೆಯಿಂದ ಓದುತ್ತಿದ್ದರು, ಆದರೆ ಹೆಚ್ಚುಕಡಿಮೆ ಎಲ್ಲರೂ ಒಂಟಿಯಾಗಿ ಓದುತ್ತಿದ್ದರು. ಚೀನೀ ಮೂಲದವರು ಮೊದಲು ತಾವೇ ಲೆಕ್ಕ ಮಾಡಿ, ಆಮೇಲೆ ಒಟ್ಟಿಗೆ ಸೇರಿ ಒಬ್ಬರ ಕೆಲಸವನ್ನು ಒಬ್ಬರು ನೋಡುತ್ತಿದ್ದರು. ಎಲ್ಲರಿಗೂ ಬಾರದ ಲೆಕ್ಕವಿದ್ದರೆ ಅದು ನಿಜಕ್ಕೂ ಕಷ್ಟದ್ದು ಎಂದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಓದುವವರಿಗೆ ತಪ್ಪು ತಮ್ಮದೇ ಅನ್ನಿಸುತ್ತಿತ್ತು. ಇದರ ಆಧಾರದ ಮೇಲೆ ಟ್ರೈಸ್‌ಮನ್ ಕಷ್ಟದ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವ ಕಾರ್ಯಾಗಾರಗಳನ್ನು ಕಟ್ಟಿದರು, ಅಲ್ಲಿಗೆ ಬಂದವರ ಫಲಿತಾಂಶ ಎದ್ದು ಕಾಣುವಂತೆ ಸುಧಾರಿಸಿತು. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲೂ ಇದಕ್ಕೆ ಹತ್ತಿರದ ಪದ್ಧತಿ ಬೆಳೆಯಿತು. ಆರರಿಂದ ಎಂಟು ವಿದ್ಯಾರ್ಥಿಗಳು ವಾರಕ್ಕೊಮ್ಮೆ ಸೇರುತ್ತಾರೆ; ಹಿಂದಿನ ಸಲ ಅದೇ ವಿಷಯದಲ್ಲಿ ಚೆನ್ನಾಗಿ ತೇರ್ಗಡೆಯಾದ ಹಿರಿಯ ವಿದ್ಯಾರ್ಥಿಯೊಬ್ಬ ಗುಂಪನ್ನು ನಡೆಸುತ್ತಾನೆ. ಅವನು ಪಾಠ ಮಾಡುವುದಿಲ್ಲ, ಉತ್ತರದ ಪಟ್ಟಿ ಕೊಡುವುದಿಲ್ಲ. ಚರ್ಚೆ ನಿಂತ ಕಡೆ ಒಂದು ಪ್ರಶ್ನೆ ಹಾಕಿ ಮುಂದೆ ದೂಡುತ್ತಾನೆ.

ಇನ್ನು ಆಕ್ಷೇಪಗಳಿಗೆ ಬರೋಣ. ಹೆತ್ತವರ ಆಕ್ಷೇಪ ಮೊದಲನೆಯದು: ಗುಂಪಿನಲ್ಲಿ ಕೆಲಸ ಮಾಡುವವರು ಒಬ್ಬಿಬ್ಬರು, ಉಳಿದವರದ್ದು ಕಾಲಹರಣ. ಇದನ್ನು ತಳ್ಳಿಹಾಕಲಾಗದು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಹಗ್ಗ ಎಳೆಯುವವರ ಬಲವನ್ನು ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ಪ್ರಸಿದ್ಧ. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರು ಹಾಕಿದ ಬಲ, ಒಂಟಿಯಾಗಿ ಎಳೆದಾಗಿನ ಬಲದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನೆನಪಿನ ವಿಷಯದಲ್ಲೂ ಇಂಥದೇ ನಷ್ಟವಿದೆ. ಒಟ್ಟಿಗೆ ಕೂತು ನೆನಪಿಸಿಕೊಳ್ಳುವ ಗುಂಪು, ಅಷ್ಟೇ ಜನ ಬೇರೆಬೇರೆ ಕೂತು ನೆನಪಿಸಿಕೊಂಡು ಆಮೇಲೆ ಒಟ್ಟುಗೂಡಿಸಿದ್ದಕ್ಕಿಂತ ಕಡಿಮೆ ನೆನಪಿಸಿಕೊಳ್ಳುತ್ತದೆ ಎಂದು ವೆಲ್ಡನ್ ಮತ್ತು ಬೆಲಿಂಜರ್ 1997ರಲ್ಲಿ ತೋರಿಸಿದರು. ಒಬ್ಬರ ಮಾತು ಇನ್ನೊಬ್ಬರ ನೆನಪಿನ ಎಳೆಯನ್ನು ಕಡಿದುಹಾಕುವುದು ಇದಕ್ಕೆ ಒಂದು ಮುಖ್ಯ ಕಾರಣ. ಈ ಎರಡು ಸಂಶೋಧನೆಗಳೂ ಕೂಡಿ ಓದುವುದರ ವಿರುದ್ಧ ಸಾಕ್ಷಿ ಹೇಳುವಂತೆ ಕಾಣುತ್ತವೆ. ಆದರೆ ಅವು ಅಪಾಯ ಎಲ್ಲಿದೆ ಎಂದು ತೋರಿಸುವ ಜೊತೆಗೆ ಪರಿಹಾರವನ್ನೂ ಸೂಚಿಸುತ್ತವೆ. ಯಾರ ಪಾಲು ಎಷ್ಟು ಎಂದು ಗೊತ್ತಾಗದ ಕಡೆ ಮೈಗಳ್ಳತನ ಹುಟ್ಟುತ್ತದೆ, ಎಲ್ಲರೂ ಒಟ್ಟಿಗೆ ಬಾಯಿ ಹಾಕಿದ ಕಡೆ ನೆನಪು ಕುಂದುತ್ತದೆ. ಆದ್ದರಿಂದ ಮೊದಲು ಎಲ್ಲರೂ ಮೌನವಾಗಿ ತಮ್ಮ ತಮ್ಮ ಹಾಳೆಯಲ್ಲಿ ಉತ್ತರ ಬರೆಯಬೇಕು. ಮಾತು ಆಮೇಲೆ. ಆಗ ಯಾರೂ ಇನ್ನೊಬ್ಬರ ಬೆನ್ನಹಿಂದೆ ಅಡಗುವಂತಿಲ್ಲ, ಯಾರ ನೆನಪಿನ ಎಳೆಯೂ ಕಡಿಯುವುದಿಲ್ಲ.

ಎರಡನೆಯ ಆಕ್ಷೇಪ: ಯಾರಿಗೂ ಸರಿಯಾಗಿ ಬಾರದ ಮಕ್ಕಳು ಸೇರಿದರೆ ಕುರುಡರು ಕುರುಡರಿಗೆ ದಾರಿ ತೋರಿದಂತಾಗುವುದಿಲ್ಲವೇ? ಮಿಶೆಲ್ ಸ್ಮಿತ್ ಮತ್ತು ಸಂಗಡಿಗರು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನ ತರಗತಿಯಲ್ಲಿ ಇದೇ ಪ್ರಶ್ನೆಯನ್ನು ಪರೀಕ್ಷಿಸಿ 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ವಿದ್ಯಾರ್ಥಿಗಳು ಮೊದಲು ಒಂಟಿಯಾಗಿ ಒಂದು ಪ್ರಶ್ನೆಗೆ ಉತ್ತರಿಸಿದರು, ನೆರೆಯವರ ಜೊತೆ ಚರ್ಚಿಸಿದರು, ಆಮೇಲೆ ಅದೇ ತತ್ವದ ಮೇಲೆ ನಿಂತ ಬೇರೊಂದು ಪ್ರಶ್ನೆಗೆ ಮತ್ತೆ ಒಂಟಿಯಾಗಿ ಉತ್ತರಿಸಿದರು. ಮೊದಲ ಪ್ರಶ್ನೆಗೆ ಗುಂಪಿನ ಒಬ್ಬರಿಗೂ ಸರಿಯುತ್ತರ ಗೊತ್ತಿರದಿದ್ದಾಗಲೂ ಚರ್ಚೆಯ ನಂತರ ತಿಳಿವಳಿಕೆ ಹೆಚ್ಚಿದ್ದು ಕಂಡುಬಂತು. ಸರಿಯಾದದ್ದು ಬಲ್ಲವನಿಂದ ಬಾರದವನಿಗೆ ಹರಿಯುವುದಷ್ಟೇ ಕಲಿಕೆಯಲ್ಲ. ಕಾರಣ ಕೇಳುತ್ತ, ಕೊಡುತ್ತ ಹೋದಾಗ ತಪ್ಪು ಕಾರಣ ತಾನಾಗಿ ಮುರಿದು ಬೀಳುವುದುಂಟು. ಹಾಗೆಂದು ಗುಂಪು ಒಪ್ಪಿದ್ದೆಲ್ಲ ಸತ್ಯವಾಗುವುದಿಲ್ಲ. ಬೆಂಜಾಲ್ಡಿಹೈಡ್‌ಗೆ ಆಲ್ಡಾಲ್ ಕ್ರಿಯೆ ಆಗುತ್ತದೆ ಎಂದು ನಾಲ್ವರೂ ಕೈಯೆತ್ತಿದರೂ, ಆಲ್ಫಾ ಹೈಡ್ರೋಜನ್ ಇಲ್ಲದ ಅದರ ದಾರಿ ಕ್ಯಾನಿಝಾರೋ ಕ್ರಿಯೆಯೇ. ಆದ್ದರಿಂದ ವಾದ ಬಂದಾಗ ಕೊನೆಯ ತೀರ್ಪು ಪಠ್ಯಪುಸ್ತಕದ್ದು. ಪುಸ್ತಕದಲ್ಲೂ ಬಗೆಹರಿಯದಿದ್ದರೆ ಆ ಪ್ರಶ್ನೆಯನ್ನು ಬರೆದಿಟ್ಟುಕೊಂಡು ಮರುದಿನ ಉಪನ್ಯಾಸಕರ ಮುಂದಿಡಬೇಕು. ಹಾಗೆ ತೆಗೆದುಕೊಂಡು ಹೋದ ಪ್ರಶ್ನೆ, ಏನೂ ಅರ್ಥವಾಗಲಿಲ್ಲ ಸಾರ್ ಎಂಬ ಮಾತಿಗಿಂತ ಎಷ್ಟೋ ಬೆಲೆಯುಳ್ಳದ್ದು.

ಮೂರನೆಯ ಆಕ್ಷೇಪ ಜಾಣ ಮಕ್ಕಳ ಮನೆಯಿಂದ ಬರುತ್ತದೆ. ಎಲ್ಲರಿಗೂ ಹೇಳಿಕೊಡುತ್ತ ಕೂತರೆ ನಮ್ಮವನ ಸಮಯ ಹಾಳು. ಸಿಇಟಿ ರ‍್ಯಾಂಕಿನಲ್ಲಿ ಅವರೇ ನಾಳೆ ನಮಗೆ ಪ್ರತಿಸ್ಪರ್ಧಿಗಳು. ಮೊದಲ ಭಾಗಕ್ಕೆ ಸಂಶೋಧನೆಯೇ ಉತ್ತರ ಕೊಟ್ಟಿದೆ. 2014ರಲ್ಲಿ ಜಾನ್ ನೆಸ್ಟೊಯ್ಕೊ ಮತ್ತು ಸಂಗಡಿಗರು ಒಂದೇ ಪಾಠವನ್ನು ಎರಡು ಗುಂಪುಗಳಿಗೆ ಓದಲು ಕೊಟ್ಟರು. ಒಂದು ಗುಂಪಿಗೆ, ನಿಮಗೆ ಪರೀಕ್ಷೆ ಇದೆ ಎಂದರು. ಇನ್ನೊಂದಕ್ಕೆ, ನೀವಿದನ್ನು ಬೇರೊಬ್ಬರಿಗೆ ಹೇಳಿಕೊಡಬೇಕು ಎಂದರು. ವಾಸ್ತವವಾಗಿ ಯಾರೂ ಪಾಠ ಹೇಳಲಿಲ್ಲ, ಎಲ್ಲರೂ ಪರೀಕ್ಷೆಯನ್ನೇ ಬರೆದರು. ಆದರೂ ಹೇಳಿಕೊಡುವ ಸಿದ್ಧತೆಯಲ್ಲಿ ಓದಿದವರು ಹೆಚ್ಚು ನೆನಪಿಟ್ಟುಕೊಂಡಿದ್ದರು, ನೆನಪಾದದ್ದನ್ನು ಅಚ್ಚುಕಟ್ಟಾಗಿ ಜೋಡಿಸಿ ಬರೆದರು. ಹೇಳಿಕೊಡುವವನು ದಾನ ಮಾಡುತ್ತಿಲ್ಲ, ತನ್ನ ಓದನ್ನೇ ಗಟ್ಟಿ ಮಾಡಿಕೊಳ್ಳುತ್ತಿದ್ದಾನೆ. ಇನ್ನು ಪ್ರತಿಸ್ಪರ್ಧೆಯ ಮಾತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕವನ್ನೂ ಸಿಇಟಿ ಅಂಕವನ್ನೂ ಸಮನಾಗಿ ಸೇರಿಸುವ ಪದ್ಧತಿ ನಮ್ಮಲ್ಲಿದೆ, ಆ ಸಾಲಿನಲ್ಲಿ ನಿಂತವರು ಲಕ್ಷಗಟ್ಟಲೆ. ಅಷ್ಟು ಜನರಲ್ಲಿ ಪಕ್ಕದ ಬೆಂಚಿನ ಇಬ್ಬರು ಗೆಳೆಯರಿಗೆ ನೋಟ್ಸ್ ಮುಚ್ಚಿಟ್ಟರೆ ರ‍್ಯಾಂಕಿನಲ್ಲಿ ಬದಲಾಗುವುದು ಏನೂ ಇಲ್ಲ. ಅವರ ಪ್ರಶ್ನೆಗಳಿಂದ ತಪ್ಪಿಸಿಕೊಂಡರೆ ಆಗುವ ನಷ್ಟ ಮಾತ್ರ ದೊಡ್ಡದು.

ಒಂಟಿಯಾಗಿ ಓದುವುದೇ ಕೆಲವರ ಸ್ವಭಾವ, ಅವರನ್ನು ಬಲವಂತ ಮಾಡಬಾರದು ಎಂಬ ಮಾತೂ ಇದೆ. ಬಲವಂತ ಬೇಡವೇ ಬೇಡ. ನಾಲ್ಕು ಜನರ ನಡುವೆ ಬಾಯಿ ಬಿಡಲು ಸಂಕೋಚಪಡುವವರಿಗೆ ಒಬ್ಬ ಗೆಳೆಯ ಸಾಕು. ಸಂಜೆ ಹೊರಗೆ ಹೋಗಲು ಬಸ್ಸಿಲ್ಲದ ಊರಿನ ಹುಡುಗಿಗೆ ಅರ್ಧ ಗಂಟೆಯ ಫೋನ್ ಕರೆಯೂ ಸಾಕು. ಪುಸ್ತಕ ಮುಚ್ಚಿ ಹತ್ತು ಪ್ರಶ್ನೆ ಕೇಳುವುದಕ್ಕೆ ಮುಖ ಕಾಣಲೇಬೇಕೆಂದಿಲ್ಲ. ಆದರೆ ಒಂದು ಮಾತನ್ನು ಅಂಥವರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಿದ್ಯೆಯ ಕಾಲು ಭಾಗ ಗುರುವಿನಿಂದ, ಕಾಲು ಭಾಗ ತನ್ನ ಬುದ್ಧಿಯಿಂದ, ಕಾಲು ಭಾಗ ಜೊತೆಯಲ್ಲಿ ಓದುವವರಿಂದ, ಇನ್ನು ಕಾಲು ಭಾಗ ಕಾಲ ಕಳೆದಂತೆ ಬರುತ್ತದೆ ಎಂಬ ಹಳೆಯ ಸಂಸ್ಕೃತ ಸುಭಾಷಿತದ ಲೆಕ್ಕದಲ್ಲಿ ಸಹಪಾಠಿಗಳಿಗೆ ಗುರುವಿನಷ್ಟೇ ಪಾಲು ಸಿಕ್ಕಿದೆ.

ಹಾಗಾದರೆ ಗುಂಪು ಹೇಗಿರಬೇಕು? ಮೂವರು ಅಥವಾ ನಾಲ್ವರು. ಅದಕ್ಕಿಂತ ಹೆಚ್ಚಾದರೆ ಮಾತು ಹಂಚಿಹೋಗುತ್ತದೆ. ಯಾವ ಅಧ್ಯಾಯ ಎಂದು ಹಿಂದಿನ ದಿನವೇ ಗೊತ್ತು ಮಾಡಿಕೊಂಡು ಎಲ್ಲರೂ ಮನೆಯಲ್ಲಿ ಓದಿ, ಉದಾಹರಣೆಯ ಲೆಕ್ಕಗಳನ್ನು ಮಾಡಿ ಬರಬೇಕು. ಓದದೆ ಬಂದವರಿಗೆ ಅಂದು ಕೇಳುವ ಹಕ್ಕಿದೆ, ಉತ್ತರ ನಕಲು ಮಾಡುವ ಹಕ್ಕಿಲ್ಲ. ಸೇರಿದ ಕೂಡಲೇ ಪುಸ್ತಕ ಮುಚ್ಚಿ, ಫೋನುಗಳನ್ನು ದೂರ ಇಟ್ಟು, ಹತ್ತು ನಿಮಿಷ ಮೌನವಾಗಿ ಅಧ್ಯಾಯದ ಮುಖ್ಯ ಸಂಗತಿಗಳನ್ನು ಖಾಲಿ ಹಾಳೆಯ ಮೇಲೆ ಬರೆಯಬೇಕು. ಹಾಳೆ ಬದಲಿಸಿಕೊಂಡು ಬಿಟ್ಟದ್ದನ್ನೂ ತಪ್ಪಿದ್ದನ್ನೂ ಗುರುತು ಮಾಡಬೇಕು. ಆಮೇಲೆ ಸರದಿಯ ಪ್ರಕಾರ ಪ್ರಶ್ನೆ: ಏನು ಎಂಬುದರ ಹಿಂದೆಯೇ ಯಾಕೆ ಎಂಬುದೂ ಬರಬೇಕು. ಅರ್ಧಾಯುವಿನ ಸೂತ್ರ ಹೇಳಿದವಳು, ಪ್ರಥಮ ದರ್ಜೆಯ ಕ್ರಿಯೆಯಲ್ಲಿ ಅದು ಆರಂಭದ ಸಾಂದ್ರತೆಯನ್ನು ಯಾಕೆ ಅವಲಂಬಿಸಿಲ್ಲ ಎಂದೂ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದು ಇಂಗ್ಲಿಷಿನಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳು ಈ ಕಾರಣಗಳನ್ನು ಕನ್ನಡದಲ್ಲೇ ಹೇಳಲಿ, ತಿಳಿದ ಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ತಿಳಿಯದೆ ಬರೆದ ವಾಕ್ಯ ಪ್ರಶ್ನೆ ಸ್ವಲ್ಪ ತಿರುಗಿದರೂ ಕೈಕೊಡುತ್ತದೆ. ಕೊನೆಗೆ ಒಂದು ಹೊಸ ಲೆಕ್ಕವನ್ನು ಮತ್ತೆ ಮೌನವಾಗಿ, ಒಬ್ಬೊಬ್ಬರೇ ಬಿಡಿಸಬೇಕು. ಮುಂದಿನ ಸಲ ಸೇರಿದಾಗ ಮೊದಲ ಕಾಲು ಗಂಟೆ ಹಿಂದಿನ ಅಧ್ಯಾಯದ ಪ್ರಶ್ನೆಗಳಿಗೆ ಮೀಸಲು. ಹೀಗೆ ದಿನ ಬಿಟ್ಟು ದಿನ ತಿರುಗಿ ಕೇಳುವುದರಿಂದ ಮರೆವು ಹಿಂದೆ ಸರಿಯುತ್ತದೆ. ಕಲಿತದ್ದನ್ನು ಒಂದೇ ಸಲಕ್ಕೆ ತುರುಕಿಕೊಳ್ಳುವುದಕ್ಕಿಂತ ಹಲವು ದಿನಗಳಿಗೆ ಹಂಚಿದರೆ ಹೆಚ್ಚು ಉಳಿಯುತ್ತದೆ ಎಂಬುದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ನೆನಪಿನ ಮೇಲೆ ತಾನೇ ಪ್ರಯೋಗ ಮಾಡಿ ಕಂಡುಕೊಂಡ ಸಂಗತಿ.

ಈ ವಿಷಯಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಪರೀಕ್ಷೆಯ ಅಂಕವೊಂದೇ ಕಾರಣವಲ್ಲ. ವಿಜ್ಞಾನ ಓದುವ ಮಕ್ಕಳಿಗೆ ಟ್ಯೂಷನ್ ಅನಿವಾರ್ಯ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದರ ಶುಲ್ಕ ತೆರಲಾರದ ಮನೆಯ ಮಕ್ಕಳು ತಾವು ಸೋತೇ ಹೊರಟವರು ಎಂದುಕೊಳ್ಳುತ್ತಾರೆ. ಆದರೆ ಪುಸ್ತಕ ಮುಚ್ಚಿ ಪ್ರಶ್ನೆ ಕೇಳುವ ಮೂವರು ಸಹಪಾಠಿಗಳಿಗೆ ಶುಲ್ಕವಿಲ್ಲ. ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಒಂದೇ ತರಗತಿಯ ಮಕ್ಕಳು ಒಂದೇ ಸೂರಿನಡಿ ಇರುತ್ತಾರೆ. ಅಲ್ಲಿನ ವಾರ್ಡನ್ ಸಂಜೆ ಒಂದೂವರೆ ಗಂಟೆ ಒಂದು ಕೋಣೆ, ಒಂದು ಕಪ್ಪುಹಲಗೆ ಒದಗಿಸಿದರೆ ಸಾಕು. ಪದವಿಪೂರ್ವ ಕಾಲೇಜುಗಳು ತರಗತಿ ಮುಗಿದ ಮೇಲೆ ಒಂದು ಕೊಠಡಿ ತೆರೆದಿಟ್ಟರೆ ಹುಡುಗಿಯರಿಗೂ ಬೆಳಕಿರುವಾಗಲೇ ಓದಿ ಮನೆ ಸೇರುವ ಅನುಕೂಲವಾಗುತ್ತದೆ. 2024ರಿಂದ ನಮ್ಮ ಪಿಯುಸಿಯಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ. ಮೊದಲನೆಯದರಲ್ಲಿ ಕೆಮಿಸ್ಟ್ರಿಯಲ್ಲಿ ಫೇಲಾದ ಹುಡುಗ ಎರಡನೆಯದಕ್ಕೆ ಓದುವ ಹೊತ್ತಿಗೆ ಗೆಳೆಯರೆಲ್ಲ ಪಾಸಾಗಿ ಚದುರಿರುತ್ತಾರೆ. ಅತಿ ಹೆಚ್ಚು ಸಹಾಯ ಬೇಕಾದವನು ಅತಿ ಒಂಟಿಯಾಗಿ ಓದುತ್ತಾನೆ. ನ್ಯೂಯಾರ್ಕಿನ ಆ ಕಾಲೇಜು ಗುಂಪು ನಡೆಸಲು ಆರಿಸಿದ್ದು ಆಗತಾನೆ ಪಾಸಾದ ವಿದ್ಯಾರ್ಥಿಗಳನ್ನು ಎಂಬುದನ್ನು ಇಲ್ಲಿ ನೆನೆಯಬೇಕು. ಆಗಷ್ಟೇ ಪಾಸಾದವನಿಗೆ ಎಲ್ಲಿ ಎಡವುತ್ತಾರೆ ಎಂಬುದು ಚೆನ್ನಾಗಿ ನೆನಪಿರುತ್ತದೆ. ಪಾಸಾದ ಗೆಳೆಯರು ವಾರಕ್ಕೆ ಎರಡು ಸಂಜೆ ಅವನ ಜೊತೆ ಕೂರಲಿ, ಕಾಲೇಜುಗಳು ಅದನ್ನು ಏರ್ಪಡಿಸಲಿ.

ಹೆತ್ತವರಲ್ಲಿ ನನ್ನ ಮನವಿ ಇಷ್ಟೆ. ಮಗಳು ಕಂಬೈನ್ಡ್ ಸ್ಟಡಿ ಎಂದಾಗ 'ಬೇಡ' ಎನ್ನುವ ಮೊದಲು, ಇವತ್ತು ಯಾವ ಅಧ್ಯಾಯ, ನೀನು ಓದಿಕೊಂಡಿದ್ದೀಯಾ, ಅಲ್ಲಿ ಏನು ಕೇಳುತ್ತೀಯಾ ಎಂದು ವಿಚಾರಿಸಿ. ಉತ್ತರವಿದ್ದರೆ ಕಳುಹಿಸಿ, ಆ ನಾಲ್ವರು ನಿಮ್ಮ ಮನೆಗೇ ಬರುವುದಾದರೆ ಇನ್ನೂ ಒಳ್ಳೆಯದು, ಒಂದು ಚಾಪೆ ಹಾಸಿ ಕೊಡಿ. ವಿದ್ಯಾರ್ಥಿಗಳಲ್ಲೂ ಒಂದು ಮಾತು: ಪರೀಕ್ಷಾ ಕೊಠಡಿಯಲ್ಲಿ ನೀವು ಒಬ್ಬೊಬ್ಬರೇ ಕೂರಬೇಕು, ಅಲ್ಲಿ ಗುಂಪಿನ ಉತ್ತರಕ್ಕೆ ಅಂಕವಿಲ್ಲ. ಆದ್ದರಿಂದ ನಿಮ್ಮ ಗುಂಪಿನ ಬೆಲೆಯನ್ನು ಸೇರಿದಾಗ ಎಷ್ಟು ಪ್ರಶ್ನೆ ಬಿಡಿಸಿದಿರಿ ಎಂಬುದರಿಂದ ಅಳೆಯಬೇಡಿ. ಮನೆಗೆ ಬಂದು ಮರುದಿನ ಬೆಳಗ್ಗೆ, ಯಾರ ನೆರವೂ ಇಲ್ಲದೆ, ಅದೇ ಪ್ರಶ್ನೆಗಳಲ್ಲಿ ಎಷ್ಟಕ್ಕೆ ಕಾರಣ ಸಮೇತ ಉತ್ತರ ಬರೆಯಬಲ್ಲಿರಿ ಎಂಬುದರಿಂದ ಅಳೆಯಿರಿ. ಆ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ನಿಮ್ಮ ಗುಂಪು ಸರಿಯಾದ ದಾರಿಯಲ್ಲಿದೆ. ಏರದಿದ್ದರೆ ಗುಂಪನ್ನು ಬಿಡುವ ಮೊದಲು, ಅಲ್ಲಿ ಓದುವ ರೀತಿಯನ್ನು ಬದಲಿಸಿ ನೋಡಿ.